ಬಣ್ಣವನ್ನು ಹಿಡಿಯುವ ಬಣ್ಣ: ಒಂದು ಲಾಡಿನ ಕೇಸು ನನಗೆ ಕಲಿಸಿದ ಪಾಠ



ಪತ್ರಿಕೆಗೆ ಒಂದು ಲೇಖನ ಬರೆಯಿರಿ ಎಂದು ನಮ್ಮ ಕಾರ್ಯದರ್ಶಿಯವರು ಮೂರು ಸಲ ಹೇಳಿದರು. ಗ್ಯಾಸಿನ ರೇಟು, ಕೆಲಸದವರ ತೊಂದರೆ, ಲೈಸೆನ್ಸ್ ರಿನ್ಯೂವಲ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಸಲ ಬೇರೆ ಒಂದು ವಿಷಯ ಬರೆಯುತ್ತೇನೆ. ಹೆಸರು ಕೇಳಿದರೆ ಇದು ನಮ್ಮ ಹೋಟೆಲ್‌ನವರಿಗೆ ಸಂಬಂಧಪಟ್ಟದ್ದೇ ಎಂದು ಕೇಳುತ್ತೀರಿ. ವಿಷಯ ಇಷ್ಟೇ: ಬಣ್ಣದ ಪದರ ಹಚ್ಚಿದ ಎಲೆಕ್ಟ್ರೋಡ್. ನಾನು ಎಸ್ಸೆಸ್ಸೆಲ್ಸಿ ಮುಗಿಸಿ 1987ರಲ್ಲಿ ಕುಂದಾಪುರದಲ್ಲಿ ಬಸ್ಸು ಹತ್ತಿ ಬೊಂಬಾಯಿಗೆ ಬಂದವನು. ವಿಜ್ಞಾನದಲ್ಲಿ ನನಗೆ ಸಿಕ್ಕಿದ್ದು ನಲವತ್ತೊಂದು ಮಾರ್ಕು. ಆದ್ದರಿಂದ ನನಗೆ ಅರ್ಥವಾದದ್ದು ನಿಮಗೆ ಖಂಡಿತ ಅರ್ಥವಾಗುತ್ತದೆ, ಹೆದರಬೇಡಿ.

ಇದನ್ನು ತಿಳಿಯುವ ಅವಶ್ಯಕತೆ ನನಗೆ ಯಾಕೆ ಬಂತು ಎನ್ನುವುದನ್ನು ಮೊದಲು ಹೇಳುತ್ತೇನೆ. ಅದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆಯೂ ಇದೆ.

2022ರ ಚೌತಿ

ಕೊರೊನಾದ ಎರಡು ವರ್ಷ ನಾವೆಲ್ಲ ಹೇಗೆ ಕಳೆದೆವು ಎಂದು ನಿಮಗೆ ಗೊತ್ತು. 2022ರ ಚೌತಿಗೆ ಮೊದಲ ಸಲ ದೊಡ್ಡ ಆರ್ಡರು ಬಂದವು. ಎರಡು ಮಂಡಳಿಯ ಪ್ರಸಾದ, ಒಂದು ಶಾಲೆಯ ಸಿಹಿ, ಎಲ್ಲಾ ಸೇರಿ ಸುಮಾರು ನೂರೈವತ್ತು ಕಿಲೋ ಬೂಂದಿ ಲಾಡು. ಹಬ್ಬಕ್ಕೆ ಎರಡು ದಿನ ಇರುವಾಗ ಆಹಾರ ಇಲಾಖೆಯ ಅಧಿಕಾರಿಗಳು ಬಂದು ಲಾಡಿನ ಸ್ಯಾಂಪಲ್ ತೆಗೆದುಕೊಂಡು ಹೋದರು. ಹಬ್ಬದ ಸಮಯದಲ್ಲಿ ಇದು ಎಲ್ಲಾ ಹೋಟೆಲಿನಲ್ಲಿ ಆಗುವಂಥದ್ದೇ. ನಾನು ಚಹಾ ಕುಡಿಸಿ ಕಳಿಸಿದೆ, ಮರೆತೂ ಬಿಟ್ಟೆ.

ಎರಡು ವಾರ ಕಳೆದು ರಿಪೋರ್ಟು ಬಂತು. ಲಾಡಿನಲ್ಲಿ ಮೆಟಾನಿಲ್ ಯೆಲ್ಲೋ ಇದೆ, ಇದು ಆಹಾರಕ್ಕೆ ಅನುಮತಿ ಇಲ್ಲದ ಬಣ್ಣ ಎಂದು ಬರೆದಿತ್ತು. ಮೆಟಾನಿಲ್ ಯೆಲ್ಲೋ ಎಂದರೆ ಬಟ್ಟೆ, ಚರ್ಮ, ಕಾಗದಕ್ಕೆ ಹಾಕುವ ಹಳದಿ. ನನ್ನ ಕೈಕಾಲು ತಣ್ಣಗಾಯಿತು. ಶಾಲೆಯ ಮಕ್ಕಳು ತಿಂದ ಲಾಡು ಅದು.

ಆಗ ನಾನು ಮಾಡಿದ ಕೆಲಸ ಏನು ಗೊತ್ತೇ? ಯಾವ ಕಾಗದವನ್ನೂ ಸರಿಯಾಗಿ ಓದದೆ ಸೀದಾ ಅಡುಗೆ ಕೋಣೆಗೆ ಹೋಗಿ ನಮ್ಮ ಭಟ್ಟರ ಮೇಲೆ ಕೂಗಾಡಿದೆ. ಹತ್ತೊಂಬತ್ತು ವರ್ಷ ನನ್ನಲ್ಲಿ ದುಡಿದ ಭಟ್ಟರು, ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರು. "ಬಣ್ಣ ಚೆನ್ನಾಗಿ ಬರಲಿ ಅಂತ ಎಲ್ಲಿಂದಲೋ ಅಗ್ಗದ ಪುಡಿ ತಂದು ಹಾಕಿದ್ದೀರಿ, ಕಮಿಷನ್ ಎಷ್ಟು ಸಿಕ್ಕಿತು?" ಎಂದು ಮಾಣಿಗಳ ಎದುರೇ ಕೇಳಿದೆ. ಭಟ್ಟರು ಹೇಳಿದ್ದು ಒಂದೇ ಮಾತು: "ಶೆಟ್ರೇ, ನೀವು ಗಲ್ಲೆಯ ಕೆಳಗಿಂದ ತೆಗೆದು ಕೊಟ್ಟ ಪುಡಿಯನ್ನೇ ಹಾಕಿದ್ದು. ಯಾವಾಗಲೂ ಹಾಕುವಷ್ಟೇ, ಒಂದು ಚಿಟಿಕೆ." ನಾನು ಕೇಳಲಿಲ್ಲ. ಅವರು ಮರುದಿನ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೋದರು.

ಶಾಲೆಯವರು ಆರ್ಡರು ನಿಲ್ಲಿಸಿದರು. ಕೇಸು ಆಯಿತು. ವಕೀಲರ ಫೀಸು, ಕೋರ್ಟಿನ ತಾರೀಕು ಎಂದು ಓಡಾಡುವುದೇ ಆಯಿತು.

ತಂಗಿಯ ಮಗಳ ಒಂದು ಹನಿ ಆಸಿಡ್

2023ರ ಮೇ ತಿಂಗಳಲ್ಲಿ ಮದುವೆಯೊಂದಕ್ಕೆ ಊರಿಗೆ ಹೋಗಿದ್ದೆ. ನನ್ನ ತಂಗಿಯ ಮಗಳು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ ಶಿವಮೊಗ್ಗ ಕಡೆ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಊಟದ ಹೊತ್ತಿಗೆ ನನ್ನ ಕೇಸಿನ ಕಥೆ ಬಂತು. ಅವಳು ಕೇಳಿದಳು, "ಮಾವ, ಆ ಪುಡಿ ಇನ್ನೂ ಉಂಟಾ?" ವಕೀಲರಿಗೆ ಬೇಕಾಗಬಹುದೆಂದು ಉಳಿದ ಪೊಟ್ಟಣವನ್ನು ನಾನು ಇಟ್ಟುಕೊಂಡಿದ್ದೆ. ಮುಂಬಯಿಯಿಂದ ಬರುವವರ ಕೈಯಲ್ಲಿ ಅದರಿಂದ ಸ್ವಲ್ಪ ತರಿಸಿದೆ.

ಅವಳು ಅದನ್ನು ನೀರಿನಲ್ಲಿ ಕರಗಿಸಿ ಎರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟಳು. ಹಳದಿ ನೀರು ಕಣ್ಣೆದುರಿಗೇ ಕಡು ಗುಲಾಬಿ ಆಯಿತು. "ಇದೇ ಮೆಟಾನಿಲ್ ಯೆಲ್ಲೋ ಮಾವ. ಪೊಟ್ಟಣದಲ್ಲೇ ಇತ್ತು," ಎಂದಳು.

ಆ ಪೊಟ್ಟಣವನ್ನು ಅಂಗಡಿಯಿಂದ ತಂದದ್ದು ನಾನೇ. ಬಿಲ್ಲಿಲ್ಲ, ಲೇಬಲ್ಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಟ್ಟದ್ದು. ಕಿಲೋಗೆ ಸ್ವಲ್ಪ ಉಳಿಯುತ್ತದೆ ಎಂದು ತೆಗೆದುಕೊಂಡಿದ್ದೆ. ಭಟ್ಟರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಕೇಳಿದೆ, "ಮಗಾ, ಎರಡು ಹನಿ ಆಸಿಡ್‌ನಲ್ಲಿ ಗೊತ್ತಾಗುವುದಾದರೆ ನಿಮ್ಮ ದೊಡ್ಡ ದೊಡ್ಡ ಮೆಷಿನು ಎಂತಕ್ಕೆ?" ಅವಳು ನಕ್ಕು, "ಆಸಿಡ್ ಉಂಟೋ ಇಲ್ಲವೋ ಅಂತ ಮಾತ್ರ ಹೇಳ್ತದೆ. ಅದೂ ಈ ಒಂದು ಬಣ್ಣಕ್ಕೆ. ಎಷ್ಟು ಉಂಟು ಅಂತ ಹೇಳುವುದಿಲ್ಲ. ಸರಕಾರ ಅನುಮತಿ ಕೊಟ್ಟ ಬಣ್ಣವೂ ಹೆಚ್ಚಾದರೆ ಕೇಸೇ ಅಲ್ವಾ? ಬನ್ನಿ, ನಾನು ಮಾಡುವ ಕೆಲಸ ತೋರಿಸ್ತೇನೆ," ಎಂದಳು. ಹಾಗೆ ನಾನು ಘಟ್ಟ ಹತ್ತಿ ಅವಳ ಲ್ಯಾಬಿಗೆ ಹೋದೆ.

ಕಣಕ ಕಲಸಿದ ಹಾಗೆ

ಎಲೆಕ್ಟ್ರೋಡ್ ಎಂದರೆ ಕರೆಂಟು ಒಂದು ದ್ರಾವಣದ ಒಳಗೆ ಹೋಗುವ ಅಥವಾ ಹೊರಗೆ ಬರುವ ಬಾಗಿಲು. ಪಾಠಪುಸ್ತಕದಲ್ಲಿ ವಿದ್ಯುದ್ವಾರ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ದೊಡ್ಡ ಮೆಷಿನು ನೋಡುವ ಅಂದಾಜಿನಲ್ಲಿ ಹೋದ ನನಗೆ ಅವಳು ತೋರಿಸಿದ್ದು ಒಂದು ಸಣ್ಣ ಕಲ್ಲಿನ ಕುಟ್ಟಾಣಿ.

ಅದರಲ್ಲಿ ಗ್ರಾಫೈಟ್ ಪುಡಿ ಹಾಕಿದಳು. ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತದಲ್ಲ, ಅದೇ ಇಂಗಾಲದ ಪುಡಿ. ಅದಕ್ಕೆ ಸಿಲಿಕೋನ್ ಎಣ್ಣೆ. ನೂರಕ್ಕೆ ಎಪ್ಪತ್ತು ಪಾಲು ಪುಡಿ, ಮೂವತ್ತು ಪಾಲು ಎಣ್ಣೆ. ಸುಮಾರು ಅರ್ಧ ಗಂಟೆ ಕೈಯಲ್ಲೇ ಅರೆದಳು. ಎಣ್ಣೆ ಹೆಚ್ಚಾದರೆ ಕರೆಂಟು ಸರಿಯಾಗಿ ಹೋಗುವುದಿಲ್ಲ, ಕಡಿಮೆಯಾದರೆ ಹಿಟ್ಟು ಒಡೆದು ಉದುರುತ್ತದೆ. ಹೋಳಿಗೆಯ ಕಣಕದ ಹದ ಗೊತ್ತಿದ್ದವನಿಗೆ ಇದು ಹೊಸದೇನಲ್ಲ. ಹದವಾದ ಕಪ್ಪು ಹಿಟ್ಟನ್ನು ಬಾಲ್‌ಪೆನ್ನಿನ ಕೊಳವೆಯಷ್ಟು ಸಪೂರದ ಟೆಫ್ಲಾನ್ ಕೊಳವೆಯ ತುದಿಗೆ ತುಂಬಿ, ಹಿಂದಿನಿಂದ ತಾಮ್ರದ ತಂತಿ ಸಿಕ್ಕಿಸಿ, ತುದಿಯನ್ನು ಕಾಗದದ ಮೇಲೆ ಉಜ್ಜಿ ನುಣ್ಣಗೆ ಮಾಡಿದಳು. ಎಲೆಕ್ಟ್ರೋಡ್ ತಯಾರು. ಇದಕ್ಕೆ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್ ಎಂದು ಹೆಸರು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್ ಎಂಬವರು 1958ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರಂತೆ. ಚಿನ್ನ, ಪ್ಲಾಟಿನಂ ಎಲೆಕ್ಟ್ರೋಡಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ.

ಕಾವಲಿ ಪಳಗಿಸುವ ವಿದ್ಯೆ

ಇಲ್ಲಿಂದ ಮುಂದಿನದು ಕೇಳಿ ನನಗೆ ಆಶ್ಚರ್ಯವಾಯಿತು.

ಈ ಕಪ್ಪು ತುದಿ ಹೊಸ ದೋಸೆ ಕಾವಲಿ ಇದ್ದ ಹಾಗೆ. ಹೊಸ ಕಾವಲಿಯಲ್ಲಿ ಮೊದಲ ದಿನ ದೋಸೆ ಏಳುತ್ತದೆಯೇ? ಎಲ್ಲಾ ಅಂಟಿ ಮುದ್ದೆಯಾಗುತ್ತದೆ. ನಾವು ಏನು ಮಾಡುತ್ತೇವೆ? ಕಾಯಿಸಿ ಎಣ್ಣೆ ಹಚ್ಚುತ್ತೇವೆ, ನೀರುಳ್ಳಿಯಲ್ಲಿ ಉಜ್ಜುತ್ತೇವೆ, ಮತ್ತೆ ಎಣ್ಣೆ ಹಚ್ಚುತ್ತೇವೆ. ಕೆಲವು ದಿನ ಹೀಗೆ ಮಾಡಿದ ಮೇಲೆ ಕಬ್ಬಿಣದ ಮೇಲೆ ಕಪ್ಪಗೆ ನುಣುಪಾದ ಒಂದು ಪದರ ಕೂರುತ್ತದೆ. ಅದು ಸೋಪಿನಲ್ಲಿ ತೊಳೆದರೂ ಸುಲಭದಲ್ಲಿ ಹೋಗುವುದಿಲ್ಲ. ನಾವು "ಕಾವಲಿ ಪಳಗಿತು" ಎನ್ನುತ್ತೇವೆ. ಎಣ್ಣೆಯ ಸಣ್ಣ ಸಣ್ಣ ಕಣಗಳು ಶಾಖಕ್ಕೆ ಒಂದರ ಕೈ ಒಂದು ಹಿಡಿದು ಬಲೆಯ ಹಾಗೆ ಗಟ್ಟಿಯಾಗುವುದೇ ಇದರ ಗುಟ್ಟು. ಕೆಮಿಸ್ಟ್ರಿಯಲ್ಲಿ ಇದಕ್ಕೆ ಪಾಲಿಮರ್ ಎನ್ನುತ್ತಾರೆ. ಅಂದರೆ ನಮ್ಮ ಭಟ್ಟರುಗಳು ತಲೆತಲಾಂತರದಿಂದ ಪಾಲಿಮರ್ ಮಾಡುತ್ತಲೇ ಬಂದಿದ್ದಾರೆ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಲ್ಯಾಬಿನಲ್ಲಿ ಎಲೆಕ್ಟ್ರೋಡನ್ನು ಪಳಗಿಸುವುದೂ ಹೀಗೆಯೇ. ಎರಡು ವ್ಯತ್ಯಾಸ. ಎಣ್ಣೆಯ ಬದಲು ಬಣ್ಣ, ಬೆಂಕಿಯ ಬದಲು ಕರೆಂಟು.

ಅವಳು ಒಂದು ಸಣ್ಣ ಗ್ಲಾಸಿನಲ್ಲಿ ಬಣ್ಣದ ತೆಳು ದ್ರಾವಣ ಹಾಕಿ ಅದರಲ್ಲಿ ಮೂರು ಕಡ್ಡಿ ಇಳಿಸಿದಳು. ಒಂದು ನಮ್ಮ ಕಪ್ಪು ಕಡ್ಡಿ, ಒಂದು ಪ್ಲಾಟಿನಂ ತಂತಿ, ಇನ್ನೊಂದು ಅಳತೆಗೋಲಿನ ಹಾಗೆ ಕೆಲಸ ಮಾಡುವ ಕಡ್ಡಿ. ಮೆಷಿನಿನಿಂದ ವೋಲ್ಟೇಜನ್ನು ನಿಧಾನವಾಗಿ ಏರಿಸುವುದು, ಇಳಿಸುವುದು, ಮತ್ತೆ ಏರಿಸುವುದು. ಒಟ್ಟು ಹತ್ತು ಸುತ್ತು. ನಮ್ಮ ಮನೆಯ ಸಾಕೆಟಿನ ವೋಲ್ಟೇಜು 230. ಇಲ್ಲಿ ಒಂದೂವರೆ ವೋಲ್ಟಿನೊಳಗೇ ಎಲ್ಲಾ ಆಟ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಬಂತು, ಪ್ರತಿ ಸುತ್ತಿಗೂ ಸ್ವಲ್ಪ ದೊಡ್ಡದಾಗುತ್ತಾ ಹೋಯಿತು. "ನೋಡಿ ಮಾವ, ಪದರ ಕೂರ್ತಾ ಉಂಟು," ಎಂದಳು. ಸುತ್ತು ಕಡಿಮೆಯಾದರೆ ಪದರ ಸಾಲದು, ಹೆಚ್ಚಾದರೆ ದಪ್ಪವಾಗಿ ಕರೆಂಟಿಗೇ ಅಡ್ಡ. ಸರಿಯಾಗಿ ಕೂತ ಪದರ ತಲೆಕೂದಲ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲು ಮಾತ್ರ.

ಎಲ್ಲಾ ಬಣ್ಣವೂ ಆಗುವುದಿಲ್ಲ

ಯಾವ ಬಣ್ಣ ಬೇಕಾದರೂ ಆಗುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಎಲೆಕ್ಟ್ರಾನನ್ನು ಕೊಡುವ, ತೆಗೆದುಕೊಳ್ಳುವ ಗುಣ ಇರುವ ಬಣ್ಣವೇ ಬೇಕು. ಅದನ್ನು ನಮ್ಮ ಗಲ್ಲೆಯಲ್ಲಿ ಕೂತವನಿಗೆ ಹೋಲಿಸಬಹುದು. ಗಿರಾಕಿ ಒಳಗಿನ ತಿಜೋರಿಗೆ ಸೀದಾ ಹೋಗಿ ಹಣ ಹಾಕುವುದಿಲ್ಲ. ಗಲ್ಲೆಯವನು ತೆಗೆದುಕೊಳ್ಳುತ್ತಾನೆ, ಒಳಗೆ ದಾಟಿಸುತ್ತಾನೆ, ಮತ್ತೆ ಖಾಲಿ ಕೈಯಲ್ಲಿ ಮುಂದಿನ ಗಿರಾಕಿಗೆ ತಯಾರು. ಪದರದ ಬಣ್ಣವೂ ದ್ರಾವಣದ ವಸ್ತುವಿನಿಂದ ಎಲೆಕ್ಟ್ರಾನ್ ತೆಗೆದುಕೊಂಡು ಇಂಗಾಲಕ್ಕೆ ದಾಟಿಸುತ್ತದೆ.

ಇಂಥ ಎರಡು ಬಣ್ಣ ನಿಮಗೂ ಪರಿಚಯ ಇರಬಹುದು. ಒಂದು ಮೆಥಿಲೀನ್ ಬ್ಲೂ. ಹಾಲಿನ ಡೈರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಹಸಿ ಹಾಲಿಗೆ ಈ ನೀಲಿಯ ದ್ರಾವಣ ಹಾಕಿ ಉಗುರು ಬೆಚ್ಚಗೆ ಇಡುತ್ತಾರೆ. ನೀಲಿ ಐದು ಗಂಟೆ ನಿಂತರೆ ಹಾಲು ಬಹಳ ಒಳ್ಳೆಯದು, ಅರ್ಧ ಗಂಟೆಯೊಳಗೆ ಬಿಳಿಯಾದರೆ ಹಾಲಿನಲ್ಲಿ ಕ್ರಿಮಿ ತುಂಬಿದೆ ಎಂದು ಅರ್ಥ. ಕ್ರಿಮಿಗಳ ಕೆಲಸದಿಂದ ಎಲೆಕ್ಟ್ರಾನ್ ಸಿಕ್ಕಿ ನೀಲಿ ತನ್ನ ಬಣ್ಣ ಕಳೆದುಕೊಳ್ಳುತ್ತದೆ. ಗಾಳಿ ತಾಗುವ ಹಾಗೆ ಅಲುಗಾಡಿಸಿದರೆ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಪುನಃ ನೀಲಿಯಾಗುತ್ತದೆ. ಈ ಬಣ್ಣವನ್ನು ಜರ್ಮನಿಯ ಹೈನ್‌ರಿಖ್ ಕಾರೋ 1876ರಲ್ಲಿ ಬಟ್ಟೆಗಾಗಿ ತಯಾರಿಸಿದ್ದು. ಅದನ್ನೇ ಕರೆಂಟಿನಿಂದ ಪದರವಾಗಿ ಕೂರಿಸುವ ಕೆಲಸವನ್ನು 1990ರ ದಶಕದಲ್ಲಿ ಮಾಸ್ಕೋದ ಅರ್ಕಾಡಿ ಕಾರ್ಯಾಕಿನ್ ಮತ್ತು ಅವರ ಸಂಗಡಿಗರು ವಿವರವಾಗಿ ಮಾಡಿದರು. ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿ ನ್ಯೂಟ್ರಲ್ ರೆಡ್ ಎಂಬ ಕೆಂಪು ಬಣ್ಣದ ಪದರದಿಂದ ಸಕ್ಕರೆ ಅಳೆಯುವ ಎಲೆಕ್ಟ್ರೋಡುಗಳನ್ನು ಮಾಡಿದ್ದಾರೆ.

ಇನ್ನೊಂದು ಬಣ್ಣದ ಹೆಸರು ಎರಿಯೋಕ್ರೋಮ್ ಬ್ಲ್ಯಾಕ್ ಟಿ. ಬೋರ್‌ವೆಲ್ ನೀರು ಗಡಸೋ ಅಲ್ಲವೋ ಎಂದು ನೋಡಲು ಲ್ಯಾಬಿನವರು ಹಾಕುವ ಬಣ್ಣ ಇದೇ. ದ್ರಾಕ್ಷಿ ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಈ ಬಣ್ಣದ ಪದರದ ಬಗ್ಗೆ ಹೆಸರುವಾಸಿ ಕೆಲಸ ನಡೆದದ್ದು ನಮ್ಮ ಕರ್ನಾಟಕದಲ್ಲೇ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಡಾ. ಬಿ.ಇ. ಕುಮಾರಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು ಕಾರ್ಬನ್ ಪೇಸ್ಟಿನ ಮೇಲೆ, ಪೆನ್ಸಿಲ್ ಕಡ್ಡಿಯ ಮೇಲೂ ಇಂಥ ಬಣ್ಣದ ಪದರಗಳನ್ನು ಕೂರಿಸಿ ಅನೇಕ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲೂ ಪದರ ಹಚ್ಚಿದ ಎಲೆಕ್ಟ್ರೋಡುಗಳ ಕೆಲಸ ನಡೆದಿದೆ. ಭದ್ರಾ ಅಣೆಕಟ್ಟಿನ ಹತ್ತಿರ, ಕೊಡಗಿನ ಗುಡ್ಡದಲ್ಲಿ ನಮ್ಮ ಕನ್ನಡದ ಮಕ್ಕಳು ಪೆನ್ಸಿಲ್ ಕಡ್ಡಿಯಲ್ಲಿ ಇಂಥ ಕೆಲಸ ಮಾಡುತ್ತಿದ್ದಾರೆ ಎಂದು ನಾವು ಹೆಮ್ಮೆಪಡಬೇಕು.

ಪದರದಿಂದ ಉಪಯೋಗ ಏನು?

ಪ್ರತಿಯೊಂದು ವಸ್ತುವೂ ತನ್ನದೇ ಆದ ಒಂದು ವೋಲ್ಟೇಜಿನಲ್ಲಿ ಎಲೆಕ್ಟ್ರಾನ್ ಬಿಡುತ್ತದೆ. ಆಗ ಪರದೆಯ ಗೆರೆಯಲ್ಲಿ ಒಂದು ಗುಡ್ಡ ಏಳುತ್ತದೆ. ಗುಡ್ಡ ಎಲ್ಲಿ ಎದ್ದಿತು ಎನ್ನುವುದರಿಂದ ವಸ್ತು ಯಾವುದು ಎಂದು ಅಂದಾಜಾಗುತ್ತದೆ. ಎಷ್ಟು ಎತ್ತರ ಎದ್ದಿತು ಎನ್ನುವುದರಿಂದ ಎಷ್ಟು ಇದೆ ಎಂದು ಲೆಕ್ಕ ಸಿಗುತ್ತದೆ.

ಆದರೆ ಪದರ ಇಲ್ಲದ ಬರಿ ಎಲೆಕ್ಟ್ರೋಡಿನಲ್ಲಿ ತೊಂದರೆ ಉಂಟು. ಅವಳು ಕೊಟ್ಟ ಉದಾಹರಣೆ ಹೇಳುತ್ತೇನೆ. ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ವಸ್ತು ಇದೆ. ಪಾರ್ಕಿನ್ಸನ್ ಎಂಬ ಕೈ ನಡುಗುವ ಕಾಯಿಲೆಯಲ್ಲಿ ಇದು ಕಡಿಮೆಯಾಗುತ್ತದೆ. ಇದನ್ನು ಅಳೆಯಲು ಹೋದರೆ ಜೊತೆಯಲ್ಲೇ ಇರುವ ವಿಟಮಿನ್ ಸಿ ಕೂಡ ಸುಮಾರು ಅದೇ ವೋಲ್ಟೇಜಿನಲ್ಲಿ ಎಲೆಕ್ಟ್ರಾನ್ ಬಿಡುತ್ತದೆ. ಎರಡು ಗುಡ್ಡ ಸೇರಿ ಒಂದೇ ದಿಬ್ಬವಾಗುತ್ತದೆ, ಯಾವುದು ಯಾರದ್ದು ಎಂದು ತಿಳಿಯುವುದಿಲ್ಲ. ಬಣ್ಣದ ಪದರ ಕೂರಿಸಿದರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಯಾಕೆಂದರೆ ಎರಿಯೋಕ್ರೋಮ್‌ನಂಥ ಬಣ್ಣದಲ್ಲಿ ಋಣ ವಿದ್ಯುತ್ತಿನ ಭಾಗ ಇರುತ್ತದೆ. ಅದು ಧನ ಇರುವ ಡೋಪಮಿನನ್ನು ಹತ್ತಿರ ಕರೆಯುತ್ತದೆ, ಋಣ ಇರುವ ವಿಟಮಿನ್ ಸಿಯನ್ನು ದೂರ ತಳ್ಳುತ್ತದೆ. ಪಳಗಿದ ಕಾವಲಿಯಲ್ಲಿ ದೋಸೆ ಬೇರೆಯಾಗಿ ಎದ್ದು ಬರುವ ಹಾಗೆ.

ಇದೇ ರೀತಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಮುಂತಾದ ತಿಂಡಿಯ ಬಣ್ಣಗಳನ್ನು ಅಳೆಯಲು ಹಲವು ದೇಶಗಳಲ್ಲಿ ಪದರ ಹಚ್ಚಿದ ಎಲೆಕ್ಟ್ರೋಡುಗಳನ್ನು ಮಾಡಿ ನೋಡಿದ್ದಾರೆ. ಬಣ್ಣದ ಪದರದಿಂದ ಬಣ್ಣವನ್ನೇ ಹಿಡಿಯುವುದು! ಕಳ್ಳನನ್ನು ಹಿಡಿಯಲು ಕಳ್ಳನ ಅಣ್ಣನನ್ನೇ ಕಾವಲಿಗೆ ಇಟ್ಟ ಹಾಗೆ.

ಇದೆಲ್ಲ ಲ್ಯಾಬಿನ ಕಥೆ, ನಮಗೇನು ಎನ್ನಬೇಡಿ. ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಶುಗರ್ ಇದೆ, ಗಲ್ಲೆಯ ಡ್ರಾವರಿನಲ್ಲಿ ಶುಗರ್ ನೋಡುವ ಮೆಷಿನು ಇದೆ. ಅದರ ಪಟ್ಟಿಯೂ ಒಂದು ಎಲೆಕ್ಟ್ರೋಡೇ. ಅದರ ಮೇಲೆ ಒಂದು ಕಿಣ್ವ ಮತ್ತು ಎಲೆಕ್ಟ್ರಾನ್ ದಾಟಿಸುವ ಒಂದು ವಸ್ತು ಇರುತ್ತದೆ. 1962ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್ ಇಂಥ ಎಲೆಕ್ಟ್ರೋಡಿನ ದಾರಿ ತೋರಿಸಿದರು. 1987ರಲ್ಲಿ ಪೆನ್ನಿನ ಗಾತ್ರದ ಮೆಷಿನು ಮಾರ್ಕೆಟಿಗೆ ಬಂತು. ಲ್ಯಾಬಿನಿಂದ ಜೇಬಿಗೆ ಬರಲು ಇಪ್ಪತ್ತೈದು ವರ್ಷ ಬೇಕಾಯಿತು. ತಿಂಡಿಯ ಬಣ್ಣ ನೋಡುವ ಪಟ್ಟಿಯೂ ಹಾಗೆಯೇ ಒಂದು ದಿನ ಬರಬಹುದು.

ಇದರ ಮಿತಿಯನ್ನೂ ಹೇಳಬೇಕು

ನನ್ನ ತಂಗಿಯ ಮಗಳು ತನ್ನ ಕೆಲಸವನ್ನು ಹೆಚ್ಚು ಹೊಗಳಿಕೊಳ್ಳಲಿಲ್ಲ. ಲಾಡು ಎಂದರೆ ಬರಿ ಬಣ್ಣ ಅಲ್ಲ. ತುಪ್ಪ, ಸಕ್ಕರೆ, ಕಡಲೆ ಹಿಟ್ಟು, ಏಲಕ್ಕಿ ಎಲ್ಲಾ ಇದೆ. ಮೊದಲು ಬಣ್ಣವನ್ನು ಬೇರೆ ಮಾಡಿ ತೆಗೆಯದಿದ್ದರೆ ಕಡ್ಡಿಗೆ ಜಿಡ್ಡು ಹಿಡಿಯುತ್ತದೆ. ಪದರ ಕೆಲವು ಸಲ ಉಪಯೋಗಿಸಿದ ಮೇಲೆ ಸವೆಯುತ್ತದೆ. ಆಗ ಕಪ್ಪು ಹಿಟ್ಟನ್ನು ಸ್ವಲ್ಪ ಹೊರಗೆ ತಳ್ಳಿ, ಕಾಗದದಲ್ಲಿ ಉಜ್ಜಿ, ಪುನಃ ಪದರ ಕೂರಿಸಬೇಕು. ಎಲ್ಲಕ್ಕಿಂತ ಮುಖ್ಯ, ಕೋರ್ಟಿನಲ್ಲಿ ನಡೆಯುವುದು ಕಾನೂನು ಪ್ರಕಾರದ ಮಾನ್ಯತೆ ಪಡೆದ ಲ್ಯಾಬಿನ ರಿಪೋರ್ಟು ಮಾತ್ರ. ಕಾಲೇಜಿನ ಕಡ್ಡಿಯ ರಿಪೋರ್ಟು ತೋರಿಸಿ ಯಾರೂ ಕೇಸು ಗೆಲ್ಲುವುದಿಲ್ಲ. ಎಣ್ಣೆ ನೋಡಲು ನಾವು ಬಾಣಲೆಗೆ ಅದ್ದುವ ಮೆಷಿನು ಕೂಡ ಇದಲ್ಲ, ಅದು ಬೇರೆ ತತ್ವದಿಂದ ನಡೆಯುತ್ತದೆ.

ನಾವು ಏನು ಮಾಡಬೇಕು

ಈ ವಿಷಯ ಈಗ ಯಾಕೆ ಮುಖ್ಯ ಎಂದರೆ, 2024ರಲ್ಲಿ ಏನೇನಾಯಿತು ನೆನಪು ಮಾಡಿಕೊಳ್ಳಿ. ಫೆಬ್ರವರಿಯಲ್ಲಿ ರೋಡಮಿನ್ ಬಿ ಸಿಕ್ಕಿತೆಂದು ಪುದುಚೇರಿ, ತಮಿಳುನಾಡಿನಲ್ಲಿ ಬೊಂಬಾಯಿ ಮಿಠಾಯಿ ನಿಷೇಧವಾಯಿತು. ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಮಾಡಿತು. ತೆಗೆದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಇತ್ತು. ಜೂನ್‌ನಲ್ಲಿ ಕಬಾಬಿಗೂ ಅದೇ ಆದೇಶ ಬಂತು. ನಾವು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಇರುವವರು ಇದು ಕರ್ನಾಟಕದ ವಿಷಯ ಎಂದು ಸುಮ್ಮನಿರಬಾರದು. ಕಾನೂನು ಎಲ್ಲಾ ಕಡೆ ಒಂದೇ.

ನನ್ನ ಅನುಭವದಿಂದ ಕೆಲವು ಮಾತು:

1. ದೇಶದಲ್ಲಿ ತಿಂಡಿಗೆ ಅನುಮತಿ ಇರುವ ಕೃತಕ ಬಣ್ಣ ಎಂಟೇ ಎಂಟು: ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಪೊನ್ಸೋ 4ಆರ್, ಕಾರ್ಮೋಯ್ಸಿನ್, ಎರಿತ್ರೋಸಿನ್, ಇಂಡಿಗೋ ಕಾರ್ಮೈನ್, ಬ್ರಿಲಿಯಂಟ್ ಬ್ಲೂ, ಫಾಸ್ಟ್ ಗ್ರೀನ್. ಇವು ಕೂಡ ಎಲ್ಲಾ ಪದಾರ್ಥಕ್ಕೆ ಅಲ್ಲ. ಸಿಹಿತಿಂಡಿ, ಐಸ್‌ಕ್ರೀಂ, ಬಿಸ್ಕತ್ತು ಮೊದಲಾದ ಕೆಲವಕ್ಕೆ ಮಾತ್ರ.

2. ಸಿಹಿತಿಂಡಿಗೆ ಮಿತಿ ಕಿಲೋಗೆ 100 ಮಿಲಿಗ್ರಾಂ. ಅಂದರೆ ಹತ್ತು ಕಿಲೋ ಲಾಡಿಗೆ ಒಂದು ಗ್ರಾಂ ಶುದ್ಧ ಬಣ್ಣ. ಚಿಟಿಕೆ ಎನ್ನುವುದು ಅಳತೆ ಅಲ್ಲ. ಹಾಕುವುದೇ ಆದರೆ ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕಿಸಿ. ಹಾಕದಿದ್ದರೆ ಎಲ್ಲಕ್ಕಿಂತ ಒಳ್ಳೆಯದು.

3. ತೂಗಿ ಕೊಡುವ ಬಿಡಿ ಪುಡಿ ಬೇಡವೇ ಬೇಡ. ಸೀಲ್ ಇರುವ ಪ್ಯಾಕೆಟ್, ಅದರ ಮೇಲೆ ಬಣ್ಣದ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಕೈಯಲ್ಲಿ ಬಿಲ್ಲು. ನನ್ನ ಹತ್ತಿರ ಒಂದು ಬಿಲ್ಲು ಇದ್ದಿದ್ದರೆ ಅಂಗಡಿಯವನೂ ಉತ್ತರ ಹೇಳಬೇಕಾಗುತ್ತಿತ್ತು. ಇರಲಿಲ್ಲವಾದ್ದರಿಂದ ನಾನೊಬ್ಬನೇ ನಿಂತೆ.

4. ಹಳದಿ ಪುಡಿಯ ಮೇಲೆ ಸಂಶಯ ಬಂದರೆ ನೀರಿನಲ್ಲಿ ಕರಗಿಸಿ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ನೋಡಿ. ಗುಲಾಬಿಯಾದರೆ ಮೆಟಾನಿಲ್ ಯೆಲ್ಲೋ. ಅರಸಿನ ಪುಡಿಯಲ್ಲಿ ಬಂದ ಕೆಂಪು ಹೆಚ್ಚು ನೀರು ಹಾಕಿದಾಗ ಮಾಯವಾದರೆ ಅರಸಿನದ್ದೇ, ನಿಂತರೆ ಕಲಬೆರಕೆ. ಆಸಿಡ್ ಬಾಟಲಿ ಅಡುಗೆ ಕೋಣೆಯಲ್ಲಿ ಇಡಬೇಡಿ, ಪರೀಕ್ಷೆ ಮಾಡಿದ ನೀರು ಯಾವ ಪಾತ್ರೆಗೂ ತಾಗಬಾರದು.

5. ಸ್ಯಾಂಪಲ್ ತೆಗೆಯುವಾಗ ಅಧಿಕಾರಿಗಳು ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಸರಕಾರಿ ವಿಶ್ಲೇಷಕರಿಗೆ, ಎರಡು ಮೇಲಧಿಕಾರಿಯ ವಶಕ್ಕೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ಕೇಳುವ ಹಕ್ಕು ನಮಗಿದೆ. ಖರ್ಚು ನಮ್ಮದು. ಅಲ್ಲೇ, ಆಗಲೇ ಬರೆದು ಕೊಡಬೇಕು. ನಾನು ಚಹಾ ಕೊಟ್ಟೆ, ಇದನ್ನು ಕೇಳಲಿಲ್ಲ.

6. ರಿಪೋರ್ಟು ವಿರುದ್ಧ ಬಂದರೆ ಅದು ಕೈಗೆ ಸಿಕ್ಕಿದ 30 ದಿನದೊಳಗೆ ಅಪೀಲು ಹಾಕಬಹುದು. ನಾನು ಆ ಮೂವತ್ತು ದಿನವನ್ನು ಸಿಟ್ಟಿನಲ್ಲಿ ಕಳೆದೆ.

7. ರಿಪೋರ್ಟು ಬಂದಾಗ ಮೊದಲು ಸ್ಟೋರ್ ರೂಮಿನ ಪೊಟ್ಟಣ ನೋಡಿ, ಆಮೇಲೆ ಮನುಷ್ಯರ ಮುಖ ನೋಡಿ.

ಸಂಘಕ್ಕೂ ನನ್ನ ಒಂದು ವಿನಂತಿ. ಹಬ್ಬಕ್ಕೆ ಒಂದು ತಿಂಗಳ ಮೊದಲು ಸದಸ್ಯರ ಬಣ್ಣ, ಅರಸಿನ, ಮೆಣಸಿನ ಪುಡಿಯ ಸ್ಯಾಂಪಲ್‌ಗಳನ್ನು ಒಟ್ಟಿಗೆ ಸೇರಿಸಿ ಮಾನ್ಯತೆ ಪಡೆದ ಒಂದು ಲ್ಯಾಬಿಗೆ ಕಳಿಸುವ ವ್ಯವಸ್ಥೆ ಮಾಡಿದರೆ ಸಣ್ಣ ಹೋಟೆಲಿನವರಿಗೆ ದೊಡ್ಡ ಉಪಕಾರ. ಕೆಮಿಸ್ಟ್ರಿ ಓದಿದ ನಮ್ಮ ಮಕ್ಕಳನ್ನು ಕರೆಸಿ ಒಂದು ಸಂಜೆ ಮಾತನಾಡಿಸಿದರೂ ಒಳ್ಳೆಯದು.

ಹಿಂದೆ ಬರುವಾಗ

ಲ್ಯಾಬು ನೋಡಿ ಹುಲಿಕಲ್ ಘಾಟಿ ಇಳಿದು ಬರುವಾಗ ಸಿದ್ದಾಪುರದ ಹತ್ತಿರ ಬಸ್ಸು ಇಳಿದೆ. ಭಟ್ಟರ ಮನೆ ಅಲ್ಲಿಂದ ಎರಡು ಮೈಲು. ಅವರು ಅಂಗಳದಲ್ಲಿ ಅಡಿಕೆ ಹರಗುತ್ತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟರು, ಬೆಲ್ಲ ಕೊಟ್ಟರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಪೊಟ್ಟಣ ನಾನೇ ತಂದದ್ದು, ತಪ್ಪು ನನ್ನದು, ಮಾಣಿಗಳ ಎದುರು ಆಡಿದ ಮಾತಿಗೆ ಕ್ಷಮಿಸಬೇಕು ಎಂದೆ. ಪುನಃ ಬನ್ನಿ ಎಂದೂ ಕರೆದೆ.

ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಾವಲಿಗೆ ತುಕ್ಕು ಹಿಡಿದರೆ ಉಜ್ಜಿ ಮತ್ತೆ ಪಳಗಿಸ್ಲಕ್ಕು ಶೆಟ್ರೇ. ಆದರೆ ಅದೇ ದಿನ ದೋಸೆ ಏಳುದಿಲ್ಲ," ಎಂದರು. ಅವರು ಮುಂಬಯಿಗೆ ಬರಲಿಲ್ಲ. ಈಗ ಊರಿನ ದೇವಸ್ಥಾನದ ಅನ್ನಸಂತರ್ಪಣೆಯ ಅಡುಗೆ ನೋಡಿಕೊಳ್ಳುತ್ತಾರೆ. ಕಳೆದ ವರ್ಷದ ಚೌತಿಗೆ ಅವರ ಅಕ್ಕನ ಮಗನನ್ನು ನನ್ನ ಹೋಟೆಲಿಗೆ ಕಳಿಸಿಕೊಟ್ಟರು. ಹುಡುಗ ಬಣ್ಣ ಹಾಕದ ಲಾಡು ಕಟ್ಟುತ್ತಾನೆ. ನೋಡಲು ಸ್ವಲ್ಪ ಮಾಸಲು, ಗಿರಾಕಿಗಳಲ್ಲಿ ಕೇಳಿದವರಿಗೆ ಯಾಕೆಂದು ನಾನೇ ಹೇಳುತ್ತೇನೆ. ಕೇಳಿದ ಮೇಲೆ ಬೇಡ ಎಂದವರು ಯಾರೂ ಇಲ್ಲ.

ನನ್ನ ಹಾಗೆ ಅವಸರಪಟ್ಟು ಯಾರೂ ಒಬ್ಬ ಒಳ್ಳೆಯ ಭಟ್ಟರನ್ನು ಕಳೆದುಕೊಳ್ಳಬಾರದು ಎಂದು ಇಷ್ಟು ಬರೆದೆ. ಹೆಚ್ಚು ಕಡಿಮೆ ಇದ್ದರೆ ತಿಳಿದವರು ತಿದ್ದಬೇಕು.